ಬಲ್ಲವರೆಲ್ಲ ಕಲಿಸಬಲ್ಲರೇ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಿಂದ ವಿಜಯಪುರಕ್ಕೆ ಬರುವ ಬಸ್ಸುಗಳಲ್ಲಿ ದವಾಖಾನೆಗೆ ಹೊರಟ ರೋಗಿಗಳೂ ಇರುತ್ತಾರೆ, ನರ್ಸಿಂಗ್ ಕಲಿಯಲು ಹೊರಟ ಹುಡುಗಿಯರೂ ಇರುತ್ತಾರೆ. ಇವತ್ತು ಕಲಿಯುವವರ ಕೈಯಲ್ಲೇ ನಾಳೆ ರೋಗಿಯ ಜೀವ. ಹಾಗಾದರೆ ಅವರಿಗೆ ಕಲಿಸುವವರು, ಕಲಿಸುವ ವಿದ್ಯೆಯನ್ನು ಎಲ್ಲಿ ಕಲಿತರು?

ಪ್ರಾಥಮಿಕ ಶಾಲೆಯ ಮಾಸ್ತರರಿಗೆ ಡಿ.ಎಡ್. ಬೇಕು, ಹೈಸ್ಕೂಲಿಗೆ ಬಿ.ಎಡ್. ಬೇಕು. ಡಾಕ್ಟರರಿಗೆ ಪಾಠ ಹೇಳಲು ಎಂ.ಡಿ., ಎಂ.ಎಸ್. ಇದ್ದರೆ ಸಾಕೆಂಬುದು ಬಹುಕಾಲದ ಲೆಕ್ಕ. ಎರಡು ವರ್ಷದ ಎಂ.ಎಸ್ಸಿ. ನರ್ಸಿಂಗ್‌ನಲ್ಲಿ ಬೋಧನೆಯೂ ಒಂದು ವಿಷಯ. ಈ ಮಾತಿನಲ್ಲಿ ನರ್ಸಮ್ಮನವರೇ ಡಾಕ್ಟರ್ ಸಾಹೇಬರಿಗಿಂತ ಒಂದು ಹೆಜ್ಜೆ ಮುಂದು!

ಏನೂ ಆಗಿಲ್ಲವೆಂದಲ್ಲ. ಪುದುಚೇರಿಯ ಜಿಪ್ಮರ್‌ನಲ್ಲಿ ವೈದ್ಯ ಶಿಕ್ಷಕರ ತರಬೇತಿ ಕೇಂದ್ರ 1970ರ ದಶಕದಲ್ಲೇ ಶುರುವಾಯಿತು. 2019ರಲ್ಲಿ ಎಂ.ಬಿ.ಬಿ.ಎಸ್. ಪಠ್ಯಕ್ರಮ ಬದಲಾಗಿ, ಬಾಯಿಪಾಠಕ್ಕಿಂತ ಕೈಕೆಲಸಕ್ಕೆ ಬೆಲೆ ಬಂತು. ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರ ನಿಯಮದಲ್ಲಿ ಶಿಕ್ಷಕರ ಬಡ್ತಿಗೆ ಬೋಧನೆಯ ಮೂಲ ತರಬೇತಿ ಬೇಕೆಂದಿತು. ಅದು ಮೂರು ದಿನದ ತರಬೇತಿ. ಕತ್ತರಿ ಹಿಡಿಯಲು ವರ್ಷಗಟ್ಟಲೆ, ಕಲಿಸಲು ಮೂರು ದಿನ!

ಅಮೆರಿಕದ ಜಾರ್ಜ್ ಮಿಲ್ಲರ್ 1990ರಲ್ಲಿ ಕಲಿಕೆಗೆ ನಾಲ್ಕು ಮೆಟ್ಟಿಲು ಹೇಳಿದರು: ವಿಷಯ ಗೊತ್ತಿರುವುದು, ಮಾಡುವ ಬಗೆ ಗೊತ್ತಿರುವುದು, ಮಾಡಿ ತೋರಿಸುವುದು, ದಿನದ ಕೆಲಸದಲ್ಲಿ ಮಾಡುವುದು. ಪುಸ್ತಕ ಒಪ್ಪಿಸಿದವನ ಕೈಗೆ ಯಾರೂ ಬಸ್ಸಿನ ಸ್ಟೇರಿಂಗ್ ಕೊಡುವುದಿಲ್ಲ. ಸಲಾಯಿನ್ ಹಚ್ಚುವ ಹುಡುಗಿಯನ್ನೂ ಹಾಗೆಯೇ ಮಗ್ಗುಲಲ್ಲಿ ನಿಂತು ನೋಡಬೇಕು, ತಪ್ಪನ್ನು ತಿದ್ದಬೇಕು. ರೋಗಿಯ ಎದುರೇ ಬೈದರೆ ಆಕೆ ಮುಂದಿನ ಸಲ ತಪ್ಪನ್ನು ಮುಚ್ಚಿಡುತ್ತಾಳೆ. ಅದರ ಫಲ ಉಣ್ಣುವವನು ರೋಗಿ. ಹೀಗೆ ನೋಡುವುದು, ತಿದ್ದುವುದು, ನ್ಯಾಯವಾಗಿ ಪರೀಕ್ಷೆ ಮಾಡುವುದು ಒಂದು ವಿದ್ಯೆ. ಅದಕ್ಕೆಂದೇ ಆರೋಗ್ಯ ವೃತ್ತಿ ಶಿಕ್ಷಣ ಎಂಬ ಸ್ನಾತಕೋತ್ತರ ಓದು ಇದೆ.

'ಇದ್ದ ಡಾಕ್ಟರರೇ ಸಾಲವೊಲ್ಲರು, ಅವರನ್ನೂ ಓದಾಕ ಕಳಿಸಿದರ ಪೇಶೆಂಟ್ ನೋಡಾವ್ರು ಯಾರು?' ಎಂದು ಅಂಗಡಿ ಕಟ್ಟೆಯ ಮಂದಿ ಕೇಳಿಯಾರು. ಮಾತು ಖರೆ. ಅದಕ್ಕೇ ಈ ಓದು ನೌಕರಿ ಬಿಡಿಸುವಂಥದ್ದಾಗಬಾರದು. ಶನಿವಾರ, ಭಾನುವಾರ ವಿಜಯಪುರದಲ್ಲೇ ಸಿಗಬೇಕು. ನಗರದಲ್ಲಿ 1984ರ ಅಲ್-ಅಮೀನ್, 1986ರ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜುಗಳಿವೆ. ಜಾಗಕ್ಕೇನು ಬರ?

ತಾಲೂಕು ಆಸ್ಪತ್ರೆಗಳಲ್ಲಿ ಹೊಸಬರಿಗೆ ಕೆಲಸ ಕಲಿಸುವ ಹಿರಿಯ ನರ್ಸ್, ಡಾಕ್ಟರ್, ಲ್ಯಾಬ್ ಟೆಕ್ನೀಶಿಯನ್‌ರಿಗೂ ಇದರಲ್ಲಿ ಸೀಟು ಮೀಸಲಿಡಬೇಕು. ಫೀಯನ್ನು ಸರ್ಕಾರ ಭರಿಸಬೇಕು, ಓದಿದ್ದನ್ನು ಬಡ್ತಿಯಲ್ಲಿ ಪರಿಗಣಿಸಬೇಕು. ಒಬ್ಬರು ಚೆನ್ನಾಗಿ ಕಲಿಸಲು ಕಲಿತರೆ ವರ್ಷಾವರ್ಷ ಹತ್ತಾರು ಕೈ ತಯಾರಾಗುತ್ತವೆ. ನಾಲ್ಕೂ ತಾಲೂಕಿನ ಶಾಸಕರು ಈ ಮಾತನ್ನು ವಿಧಾನಸಭೆಯಲ್ಲಿ ಎತ್ತಲಿ. ಓಟು ಕೊಟ್ಟ ಮಂದಿಗೆ ಅಷ್ಟು ಕೇಳುವ ಹಕ್ಕಿದೆ.