ಹಳೆಯ ಪಿಕಪ್‌ಗೆ ಇನ್ನೊಂದು ಪಟ್ಟಿ ಬೇಕೇ?

ಮಲೆನಾಡಿನ ತೋಟಗಳ ದುಡಿಮೆಯ ಭಾರವೆಲ್ಲ ಇಂದು ಹಳೆಯ ಪಿಕಪ್ ವಾಹನಗಳ ಬೆನ್ನ ಮೇಲಿದೆ. ಗೊಬ್ಬರ, ಅಡಿಕೆಗೊನೆ, ಕಾಫಿ ಹಣ್ಣು, ಶುಂಠಿ ಮೂಟೆ, ಮನೆ ಕಟ್ಟುವ ಕಲ್ಲು ಎಲ್ಲವನ್ನೂ ಅವು ಹೊತ್ತಿವೆ. ಹದಿನೈದು ವರ್ಷ ದುಡಿದ ವಾಹನದ ಹಿಂಬದಿ ಕುಸಿಯತೊಡಗಿದಾಗ ಮಾಲೀಕನಿಗೆ ಹೊಳೆಯುವ ಪರಿಹಾರ ಒಂದೇ: ಸ್ಪ್ರಿಂಗಿಗೆ ಇನ್ನೆರಡು ಪಟ್ಟಿ ಸೇರಿಸುವುದು. ಹೊಸ ವಾಹನದ ಬೆಲೆಯೆದುರು ಈ ಖರ್ಚು ಅಲ್ಪವೆಂಬುದು ನಿಜ. ಆದರೆ ಇದರ ಉಳಿದ ಬೆಲೆಯನ್ನು ತೆರುವವರು ಬೇರೆಯೇ ಇದ್ದಾರೆ. ಊರ ರಸ್ತೆ, ಅದರ ಕೆಳಗಿನ ಹಳ್ಳ, ವಾಹನದಲ್ಲಿ ಕುಳಿತವರ ಜೀವ ಇವೆಲ್ಲ ಆ ಲೆಕ್ಕಕ್ಕೆ ಸೇರುತ್ತವೆ.

ಪಿಕಪ್‌ನ ಹಿಂಬದಿ ಸ್ಪ್ರಿಂಗ್ ಎಂದರೆ ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳ ಒಂದು ಕಟ್ಟು. ಸಮಾನ ಅಳತೆಯ ಐದು ಪಟ್ಟಿಗಳಿಗೆ ಆರನೆಯದನ್ನು ಸೇರಿಸಿದರೆ ಬಿಗಿತ ಶೇ. 20ರಷ್ಟು ಹೆಚ್ಚುತ್ತದೆ. ಬಿಗಿತವು ಪಟ್ಟಿಯ ದಪ್ಪದ ಘನಕ್ಕೆ ಅನುಗುಣವಾದುದರಿಂದ, ದಪ್ಪವನ್ನು ಶೇ. 10ರಷ್ಟು ಏರಿಸಿದರೆ ಬಿಗಿತ ಶೇ. 33ರಷ್ಟು ಏರುತ್ತದೆ. ಆದರೆ ಸ್ಪ್ರಿಂಗ್ ಬಿಗಿಯಾದ ಮಾತ್ರಕ್ಕೆ ಆಕ್ಸಲ್, ಬೇರಿಂಗ್, ಟೈರು, ಬ್ರೇಕುಗಳ ಬಲವೇನೂ ಹೆಚ್ಚುವುದಿಲ್ಲ. ವಾಹನ ತಡೆಯಬಲ್ಲ ಭಾರ ನೋಂದಣಿ ಪತ್ರದಲ್ಲಿ ಬರೆದಷ್ಟೇ ಉಳಿಯುತ್ತದೆ. ಹೆಚ್ಚುವರಿ ಪಟ್ಟಿ ಮಾಡುವ ಕೆಲಸವೆಂದರೆ ಅತಿಭಾರವನ್ನು ಕಣ್ಣಿನಿಂದ ಮರೆಮಾಡುವುದು. ಕುಸಿದ ಬೆನ್ನು ಎಚ್ಚರಿಕೆಯ ಮಾತಾಡುತ್ತಿತ್ತು. ಪಟ್ಟಿ ಸೇರಿಸಿ ಅದರ ಬಾಯಿ ಮುಚ್ಚಿಸಿದಂತಾಯಿತು.

ಇದಕ್ಕಿಂತ ಗಂಭೀರವಾದುದು ಬ್ರೇಕಿನ ಪ್ರಶ್ನೆ. ಅನೇಕ ಪಿಕಪ್‌ಗಳಲ್ಲಿ ಚಾಸಿಗೂ ಹಿಂದಿನ ಆಕ್ಸಲ್‌ಗೂ ನಡುವೆ ಕಡ್ಡಿಯೊಂದರಿಂದ ಜೋಡಿಸಿದ ಕವಾಟವಿರುತ್ತದೆ. ಭಾರಕ್ಕೆ ಚಾಸಿ ತಗ್ಗಿದಷ್ಟೂ ಅದು ಹಿಂದಿನ ಚಕ್ರಗಳಿಗೆ ಹೆಚ್ಚು ಬ್ರೇಕ್ ಒತ್ತಡವನ್ನು ಬಿಡುತ್ತದೆ. ಸ್ಪ್ರಿಂಗನ್ನು ಬಿಗಿಗೊಳಿಸಿ ಈ ಕವಾಟವನ್ನು ಮರುಹೊಂದಿಸದೆ ಬಿಟ್ಟರೆ, ತುಂಬಿದ ವಾಹನವನ್ನೂ ಅದು ಖಾಲಿಯೆಂದೇ ತಿಳಿಯುತ್ತದೆ. ಘಾಟಿಯ ಇಳಿಜಾರಿನಲ್ಲಿ ಹಿಂದಿನ ಬ್ರೇಕು ಅಗತ್ಯವಿದ್ದಷ್ಟು ಹಿಡಿಯುವುದಿಲ್ಲ. ಅದೇ ವಾಹನ ಖಾಲಿಯಾಗಿ ಮರಳುವಾಗ ಬಿಗಿ ಸ್ಪ್ರಿಂಗಿನ ಕಾರಣದಿಂದ ಚಕ್ರಗಳು ಹೊಂಡದಿಂದ ಹೊಂಡಕ್ಕೆ ನೆಗೆಯುತ್ತವೆ. ಮಳೆಯಲ್ಲಿ ನೆನೆದ ತಿರುವಿನಲ್ಲಿ ನೆಲ ಬಿಟ್ಟ ಚಕ್ರಕ್ಕೆ ಹಿಡಿತವೆಲ್ಲಿಯದು?

ಇನ್ನು ರಸ್ತೆಯ ಮಾತು. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ನಡೆದ ದೊಡ್ಡ ರಸ್ತೆ ಪರೀಕ್ಷೆಯಿಂದ ಎಂಜಿನಿಯರರು ಕಂಡುಕೊಂಡ ಸ್ಥೂಲ ನಿಯಮವೊಂದಿದೆ: ರಸ್ತೆಗಾಗುವ ಹಾನಿ ಆಕ್ಸಲ್ ಭಾರದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಉದಾಹರಣೆಗೆ, ಖಾಲಿಯಿದ್ದಾಗ ಹಿಂದಿನ ಆಕ್ಸಲ್ ಮೇಲೆ 1 ಟನ್ ಇರುವ ವಾಹನವನ್ನು ತೆಗೆದುಕೊಳ್ಳೋಣ. 2 ಟನ್ ಸರಕನ್ನು ಎರಡು ಸಲಕ್ಕೆ ಹಂಚಿ ಒಯ್ದರೆ ಪ್ರತಿಸಲ ಆ ಆಕ್ಸಲ್ ಮೇಲೆ ಬೀಳುವುದು 2 ಟನ್. ಒಂದೇ ಸಲಕ್ಕೆ ಹೇರಿದರೆ 3 ಟನ್. ಮೊದಲ ಕ್ರಮದ ಒಂದು ಸಂಚಾರದ ಹಾನಿಯನ್ನು ಒಂದು ಪಾಲು ಎಂದುಕೊಂಡರೆ, ಎರಡು ಸಂಚಾರಕ್ಕೆ ಎರಡು ಪಾಲು. ಹೇರಿದ ಒಂದೇ ಸಂಚಾರಕ್ಕೆ ಐದು ಪಾಲು! ಡೀಸೆಲ್ ಉಳಿಯಿತೆಂಬ ಸಮಾಧಾನದ ಹಿಂದೆ ರಸ್ತೆ ಸವೆದ ಲೆಕ್ಕ ಅಡಗಿದೆ.

ಭಾರೀ ಲಾರಿಗಳು ಓಡಾಡುವಾಗ ಬಡ ಪಿಕಪ್ ಮಾಡುವ ಹಾನಿ ಎಷ್ಟರದು ಎಂಬ ಆಕ್ಷೇಪ ಸಹಜ. ಹೆದ್ದಾರಿಯ ಮಟ್ಟಿಗೆ ಆಕ್ಷೇಪ ಸರಿಯೇ. ಅದೇ ನಿಯಮದಂತೆ 10 ಟನ್ನಿನ ಒಂದು ಆಕ್ಸಲ್ 2 ಟನ್ನಿನ ಆಕ್ಸಲ್‌ಗಿಂತ 625 ಪಟ್ಟು ಹಾನಿ ಮಾಡುತ್ತದೆ. ಆದರೆ ತೋಟದ ಮಣ್ಣುದಾರಿಗೂ ಹಳ್ಳಿಯ ಕಿರುರಸ್ತೆಗೂ ಲಾರಿ ಬರುವುದು ಅಪರೂಪ. ಅಲ್ಲಿ ಅತ್ಯಂತ ಭಾರದ ವಾಹನ ಪಿಕಪ್ಪೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರು ಕುಡಿದ ಮಣ್ಣು ತನ್ನ ಬಲವನ್ನು ಕಳೆದುಕೊಂಡಿರುತ್ತದೆ. ಆಗ ಅತಿಭಾರದ ಚಕ್ರ ಕೊರೆದ ಜಾಡು ಮರುದಿನವೇ ತೊರೆಯಾಗುತ್ತದೆ. ಚರಂಡಿಗೆ ಹೋಗಬೇಕಾದ ನೀರು ದಾರಿಯ ಮೇಲೆಯೇ ಹರಿದು ಅಂಚನ್ನು ಕೊಚ್ಚುತ್ತದೆ. ಆ ಮಣ್ಣು ಕೆಳಗಿನವರ ಗದ್ದೆಯಲ್ಲಿ, ಹಳ್ಳದಲ್ಲಿ ಹೂಳಾಗಿ ಕೂರುತ್ತದೆ. ಮೇಲಿನ ತೋಟದವನ ಉಳಿತಾಯಕ್ಕೆ ಕೆಳಗಿನ ಗದ್ದೆಯವನು ದಂಡ ತೆರುವುದು ಯಾವ ನ್ಯಾಯ?

ಹಾಗೆಂದು ಹಳೆಯ ವಾಹನವನ್ನು ಗುಜರಿಗೆ ಹಾಕಬೇಕೆಂದು ಹೇಳಲಾಗದು. ವರ್ಷಕ್ಕೆ ಅಲ್ಪ ದೂರ ಓಡುವ ಗಟ್ಟಿ ವಾಹನವನ್ನು ದುರಸ್ತಿಮಾಡಿ ಬಳಸುವುದು ವಿವೇಕವೇ ಆಗಿದೆ. ಆದರೆ ದುರಸ್ತಿಯ ಗುರಿ ಮೂಲ ಬಲವನ್ನು ಮರಳಿ ತರುವುದಾಗಿರಬೇಕು, ಅದನ್ನು ಮೀರುವುದಲ್ಲ. ದಣಿದ ಪಟ್ಟಿಯನ್ನು ಇದ್ದಿಲ ಕುಲುಮೆಯಲ್ಲಿ ಕಾಯಿಸಿ ಬಾಗಿಸಿದರೆ ಉಕ್ಕಿನ ಹದ ಕೆಟ್ಟು ಅದು ಬೇಗನೆ ಮತ್ತೆ ಕುಸಿಯುತ್ತದೆ. ಆ ಮಾದರಿಗೆ ಗೊತ್ತುಪಡಿಸಿದ ಪಟ್ಟಿಗಳ ಕಟ್ಟನ್ನೇ ಎಡಬಲ ಜೋಡಿಯಾಗಿ ಬದಲಿಸಬೇಕು. ಹಳೆಯ ಯು-ಬೋಲ್ಟುಗಳನ್ನು ಮರಳಿ ಬಳಸಬಾರದು. ಹೊಸದನ್ನು ಹಾಕಿ, ಕೆಲವು ದಿನ ಓಡಿದ ಬಳಿಕ ಮತ್ತೊಮ್ಮೆ ಬಿಗಿಗೊಳಿಸಬೇಕು. ಸವೆದ ಬುಷ್‌ಗಳನ್ನೂ ಸೋರುವ ಶಾಕ್ ಅಬ್ಸಾರ್ಬರ್‌ಗಳನ್ನೂ ಇದೇ ಸಂದರ್ಭದಲ್ಲಿ ತೆಗೆಯಬೇಕು. ಸ್ಪ್ರಿಂಗ್ ಕೂಡಿಟ್ಟ ಶಕ್ತಿಯನ್ನು ಶಾಖವಾಗಿ ಕರಗಿಸಿ ಕುಣಿತವನ್ನು ನಿಲ್ಲಿಸುವುದು ಶಾಕ್ ಅಬ್ಸಾರ್ಬರ್. ಅನೇಕ ವೇಳೆ ಸ್ಪ್ರಿಂಗಿನ ಮೇಲೆ ಹೊರಿಸುವ ದೂರು ವಾಸ್ತವದಲ್ಲಿ ಅದಕ್ಕೆ ಸಲ್ಲಬೇಕಾದುದು. ಮಳೆಗಾಲ ಮುಗಿದೊಡನೆ ಪಟ್ಟಿಗಳ ನಡುವಿನ ಕೆಸರು ತೊಳೆದು ತುಕ್ಕು ನೋಡುವುದೂ ಅವಶ್ಯ.

ಕಾನೂನಿನ ನಿಲುವೂ ಸ್ಪಷ್ಟವಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. 113ನೇ ಕಲಮು ನೋಂದಣಿ ಪತ್ರದ ತೂಕ ಮೀರಿ ಹೇರುವುದನ್ನು ನಿಷೇಧಿಸುತ್ತದೆ. ಆದರೆ ದಂಡದಿಂದಷ್ಟೇ ಈ ರೂಢಿ ಅಳಿಯದು. ಬಾಡಿಗೆಯನ್ನು ಟ್ರಿಪ್ಪಿನ ಲೆಕ್ಕದಲ್ಲಿ ಕೊಡುವವರೆಗೆ ಒಂದೇ ಟ್ರಿಪ್ಪಿನಲ್ಲಿ ಎಲ್ಲವನ್ನೂ ತುರುಕುವ ಒತ್ತಾಯ ಚಾಲಕನ ಮೇಲಿದ್ದೇ ಇರುತ್ತದೆ. ಊರಿನ ಬೆಳೆಗಾರರು ಕೂಡಿ ತೂಕದ ಲೆಕ್ಕದ ಬಾಡಿಗೆಯನ್ನು ನಿಗದಿಮಾಡಿದರೆ ಈ ಒತ್ತಾಯದ ಬುಡವೇ ಸಡಿಲಗೊಳ್ಳುತ್ತದೆ.

ಭಾರವನ್ನು ತೋಟದಲ್ಲಿಯೇ ಇಳಿಸುವ ದಾರಿಯೂ ಇದೆ. ಒಂದು ಕಿಲೋ ಕಾಫಿ ಬೀಜಕ್ಕೆ ಸುಮಾರು ಐದಾರು ಕಿಲೋ ಹಣ್ಣು ಬೇಕು. ಉಳಿದುದೆಲ್ಲ ನೀರು, ತಿರುಳು, ಸಿಪ್ಪೆ. ಕಣದಲ್ಲಿಯೇ ಒಣಗಿಸಿದರೆ ಆ ತೂಕ ರಸ್ತೆಗಿಳಿಯುವುದಿಲ್ಲ. ತೋಟದಲ್ಲಿ ಸುಲಿದ ಅಡಿಕೆಗೂ ಇದೇ ಮಾತು. ಅದರ ಸಿಪ್ಪೆ ಅಲ್ಲಿಯೇ ಗೊಬ್ಬರವಾಗುತ್ತದೆ. ಕೊಟ್ಟಿಗೆ ಗೊಬ್ಬರವನ್ನು ಮಳೆ ಹಿಡಿಯುವ ಮುನ್ನ ಒಣಗಿದ್ದಾಗಲೇ ಸಾಗಿಸಿದರೆ ವಾಹನಕ್ಕೂ ದಾರಿಗೂ ಹಗುರ.

ಹಳೆಯ ಪಿಕಪ್ ಇನ್ನೂ ಹತ್ತು ವರ್ಷ ದುಡಿಯಲಿ. ಆದರೆ ಅದರ ಬೆನ್ನಿಗೆ ಪಟ್ಟಿ ಸೇರಿಸುವ ಮೊದಲು, ಮೇಲೆ ಹೇರುವ ಸರಕಿನಲ್ಲಿ ಎಷ್ಟನ್ನು ಇಳಿಸಬಹುದೆಂದು ಮಾಲೀಕನೂ ಬಾಡಿಗೆ ಕೊಡುವವನೂ ಒಟ್ಟಿಗೆ ಕುಳಿತು ಯೋಚಿಸಬೇಕಾಗಿದೆ.