ಅಡ್ವಾನ್ಸ್ ಕೊಡೋ ಮೊದಲು ಮೀಟರ್ ನೋಡಿ

ಇಂಗ್ಲೆಂಡಿನಲ್ಲಿ ಬಾಡಿಗೆಗೆ ಹೋದವರು ಯಾವ ಕಂಪನಿಯ ಕರೆಂಟ್, ಯಾವ ಪ್ಲಾನ್ ಅಂತ ಹೋಲಿಸಿ ನೋಡ್ತಾರೆ. ನಮ್ಮ ಬೆಂಗಳೂರಲ್ಲಿ ಇರೋದು ಬೆಸ್ಕಾಂ ಒಂದೇ. ದರ ನಿಗದಿ ಮಾಡೋದು ಕೆಇಆರ್‌ಸಿ. 2024ರ ಏಪ್ರಿಲ್‌ನಿಂದ ಮನೆಗಳಿಗೆ ಸ್ಲ್ಯಾಬ್ ಕೂಡ ಇಲ್ಲ, ಎಲ್ಲಾ ಯೂನಿಟ್‌ಗೂ ಒಂದೇ ರೇಟು. 2025-26ಕ್ಕೆ ಅದು 5 ರೂಪಾಯಿ 80 ಪೈಸೆ. ಹಾಗಾದ್ರೆ ನಾವು ಆರಿಸೋಕೆ ಏನಿದೆ? ಮೀಟರ್ ಇದೆ.

ನಮ್ಮ ಮಾರೇನಹಳ್ಳಿಯಲ್ಲಿ (ಜೆ.ಪಿ. ನಗರದ್ದಲ್ಲ, ವಿಜಯನಗರದ್ದು) ಚಿಕ್ಕ ಸೈಟಿನ ಮೇಲೆ ಮೂರು ಮಹಡಿ ಎದ್ದ ಮನೆಗಳೇ ಜಾಸ್ತಿ. ಕೆಲವು ಕಡೆ ಪ್ರತಿ ಮನೆಗೂ ಬೆಸ್ಕಾಂ ಮೀಟರ್ ಇದೆ. ಇನ್ನು ಕೆಲವು ಕಡೆ ಮೇನ್ ಮೀಟರ್ ಒಂದೇ, ಉಳಿದವಕ್ಕೆ ಓನರ್ ಹಾಕಿಸಿದ ಸಬ್‌ಮೀಟರ್. ನಾವು ನಲ್ಲಿ ನೀರು, ವೈಫೈ, ಬೈಕ್ ಪಾರ್ಕಿಂಗ್ ಎಲ್ಲಾ ಕೇಳ್ತೀವಿ, ಇದೊಂದನ್ನು ಕೇಳಲ್ಲ.

ಲೆಕ್ಕ ಹಾಕೋಣ. ಮೂರು ಮನೆ, ತಲಾ 80 ಯೂನಿಟ್. ಒಂದೇ ಮೀಟರಾದರೆ 240 ಆಗುತ್ತೆ. ಗೃಹಜ್ಯೋತಿಯ ಮಿತಿ 200. ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ತಲಾ 464 ರೂಪಾಯಿ. ಓನರ್ ಯೂನಿಟ್‌ಗೆ 10 ರೂಪಾಯಿ ಅಂದರೆ 800. ಅದೇ ಬೇರೆ ಬೇರೆ ಮೀಟರಿದ್ದು, ನಮ್ಮ ಅರ್ಹತೆ 58 ಯೂನಿಟ್ ಅಂತಿಟ್ಟುಕೊಳ್ಳಿ: ಹೆಚ್ಚುವರಿ 22 ಯೂನಿಟ್‌ಗೆ ಸುಮಾರು 128. ಫಿಕ್ಸೆಡ್ ಚಾರ್ಜ್, ತೆರಿಗೆ ಇದರಲ್ಲಿ ಸೇರಿಲ್ಲ. ಆದರೂ ವ್ಯತ್ಯಾಸ ಸಣ್ಣದಲ್ಲ, ಮೆಸ್ಸಿನಲ್ಲಿ ಎಷ್ಟೋ ಊಟದ ದುಡ್ಡು.

ಗೃಹಜ್ಯೋತಿ ಬಾಡಿಗೆದಾರರಿಗೂ ಇದೆ. ಸೇವಾಸಿಂಧುವಿನಲ್ಲಿ ನಮ್ಮ ಆಧಾರ್ ಅನ್ನು ಮನೆಯ ಆರ್‌ಆರ್ ನಂಬರ್‌ಗೆ ಜೋಡಿಸಬೇಕು. ಹಿಂದಿದ್ದವರ ಆಧಾರ್ ಇನ್ನೂ ಅಲ್ಲೇ ಇದ್ದರೆ ಡಿ-ಲಿಂಕ್ ಮಾಡಿಸಬೇಕು. ನಾವು ಖಾಲಿ ಮಾಡುವಾಗಲೂ ಅಷ್ಟೇ, ಮುಂದೆ ಬರೋರಿಗೆ ತೊಂದರೆ ಆಗಬಾರದು.

ಓನರ್‌ಗಳದ್ದೂ ಒಂದು ಮಾತಿದೆ. ಹೊಸ ಮೀಟರಿಗೆ ಖರ್ಚು, ಓಡಾಟ. ಮೋಟಾರು, ಮೆಟ್ಟಿಲ ಲೈಟಿನ ಬಿಲ್ಲೂ ಯಾರಾದರೂ ಕಟ್ಟಲೇಬೇಕು. ಅದನ್ನು ಬೇರೆ ಮೇಂಟೆನೆನ್ಸ್ ಅಂತ ಕೇಳಲಿ, ಕೊಡೋಣ. ಯೂನಿಟ್ ರೇಟಿನೊಳಗೆ ಬಚ್ಚಿಟ್ಟು ತಗೊಳ್ಳೋದು ಸರಿಯಲ್ಲ ಅನ್ನೋದಷ್ಟೇ ನಮ್ಮ ವಾದ.

ಆದ್ದರಿಂದ ಮನೆ ಹುಡುಕ್ತಿರೋ ಜೂನಿಯರ್‌ಗಳೇ, ಮೂರು ಕೆಲಸ ಮಾಡಿ. ಮೀಟರ್ ಬೋರ್ಡ್ ಮುಂದೆ ನಿಂತು ನಿಮ್ಮ ಮನೆಯದು ಯಾವುದು ಅಂತ ಕೇಳಿ. ಹಿಂದಿನ ತಿಂಗಳ ಬಿಲ್ ತೋರಿಸಿ ಅನ್ನಿ. ಸಬ್‌ಮೀಟರ್ ಆಗಿದ್ರೆ ಯೂನಿಟ್ ರೇಟನ್ನು ಅಗ್ರಿಮೆಂಟಿನಲ್ಲಿ ಬರೆಸಿ. ಕೇಳೋಕೆ ಸಂಕೋಚ ಬೇಡ. ಅಡ್ವಾನ್ಸ್ ಕೊಟ್ಟಮೇಲೆ ಕೇಳಿದ್ರೆ ಉತ್ತರ ಸಿಗೋದು ಕಷ್ಟ.