ಹೃದಯ ಬಿಗಿದಿದೆ ಎಂದರೆ ವೈದ್ಯರಿಗೆ ಅರ್ಥವಾಗುವುದೇ?

ಫಾರ್ಸಿ ಭಾಷಿಕರು ‘ದೆಲಮ್ ತಂಗ್ ಶೊದೆ’ ಎನ್ನುತ್ತಾರೆ. ನನ್ನ ಹೃದಯ ಬಿಗಿದುಕೊಂಡಿದೆ ಎಂಬುದು ಅದರ ಅಕ್ಷರಾರ್ಥ. ಅಗಲಿದವರಿಗಾಗಿ ಮನಸ್ಸು ಹಂಬಲಿಸುತ್ತಿದೆ ಎಂಬುದು ಅದರ ಇಂಗಿತ. ಉರ್ದು ಆಡುವ ನಮ್ಮ ಮನೆಗಳಲ್ಲಿ ದಿಲ್ ಮತ್ತು ತಂಗ್ ಎಂಬ ಪದಗಳನ್ನು ಯಾರಿಗೂ ವಿವರಿಸಬೇಕಾಗಿಲ್ಲ. ಆದರೆ ಲಾಸ್ ಏಂಜಲೀಸ್‌ನಲ್ಲೋ ಟೊರೊಂಟೊದಲ್ಲೋ ನೆಲೆಸಿರುವ ಇರಾನಿನ ವೃದ್ಧೆಯೊಬ್ಬರು ಇಂಗ್ಲಿಷ್ ಮಾತ್ರ ಬಲ್ಲ ವೈದ್ಯರ ಮುಂದೆ ಇದನ್ನೇ ಹೇಳಿದರೆ ಏನಾದೀತು? ಇ.ಸಿ.ಜಿ. ತೆಗೆಸಿ, ವರದಿ ಸರಿಯಿದ್ದರೆ ‘ನಿಮಗೇನೂ ಆಗಿಲ್ಲ’ ಎಂದು ಮನೆಗೆ ಕಳುಹಿಸಿಯಾರು. ಎದೆಯನ್ನು ಪರೀಕ್ಷಿಸುವುದು ತಪ್ಪಲ್ಲ, ಅಲ್ಲಿಗೇ ನಿಲ್ಲಿಸಿಬಿಡುವುದು ತಪ್ಪು.

ಅಮೆರಿಕದ ಮಾನವಶಾಸ್ತ್ರಜ್ಞ ಬೈರನ್ ಗುಡ್ ಅವರು ಇರಾನಿನ ಮರಾಘೆ ಪಟ್ಟಣದಲ್ಲಿ ಈ ‘ಹೃದಯದ ಸಂಕಟ’ದ ಅಧ್ಯಯನ ನಡೆಸಿ 1977ರಲ್ಲಿ ಪ್ರಕಟಿಸಿದ್ದರು. ಸಾವಿನ ದುಃಖ, ಬಡತನ, ಮನೆಯ ಕಲಹ, ಗರ್ಭ ಮತ್ತು ಹೆರಿಗೆಯ ಆತಂಕ, ಇವೆಲ್ಲವನ್ನೂ ಅಲ್ಲಿನ ಮಹಿಳೆಯರು ಆ ಒಂದೇ ದೂರಿನಲ್ಲಿ ಹೇಳಿಕೊಳ್ಳುತ್ತಿದ್ದರು. ಅದನ್ನು ಅಜ್ಞಾನವೆಂದು ತಳ್ಳಿಹಾಕುವ ವೈದ್ಯನೇ ನಿಜವಾಗಿ ಅಜ್ಞಾನಿ.

ಅಷ್ಟಕ್ಕೂ ಈ ಜನರು ಹೊತ್ತಿರುವ ಭಾರವೇನು ಸಣ್ಣದೇ? 1979ರ ಕ್ರಾಂತಿ, 1980ರಿಂದ 1988ರವರೆಗಿನ ಇರಾಕ್ ಯುದ್ಧ, ಅನೇಕರಿಗೆ ಸೆರೆವಾಸ. ಟೆಹರಾನಿನ ರಾಯಭಾರ ಕಚೇರಿಯಲ್ಲಿ 444 ದಿನಗಳ ಕಾಲ ನಡೆದ ಒತ್ತೆಸೆರೆ ಪ್ರಕರಣದಿಂದಾಗಿ, ಅದರಲ್ಲಿ ಯಾವ ಪಾತ್ರವೂ ಇಲ್ಲದ ವಲಸಿಗರು ಅಮೆರಿಕದ ಬೀದಿಗಳಲ್ಲಿ ದ್ವೇಷವನ್ನು ಎದುರಿಸಬೇಕಾಯಿತು. 2017ರ ಪ್ರವೇಶ ನಿರ್ಬಂಧ 2021ರಲ್ಲಿ ತೆರವಾಯಿತಾದರೂ 2025ರ ಜೂನ್‌ನಲ್ಲಿ ಮತ್ತೆ ಇರಾನನ್ನು ಪಟ್ಟಿಗೆ ಸೇರಿಸಲಾಯಿತು. ಮಗಳ ಬಾಣಂತನಕ್ಕೆ ತಾಯಿ ಬರಲಾಗದ ಸಂಕಟಕ್ಕೆ ಯಾವ ಮಾತ್ರೆಯಿದೆ?

ಇನ್ನೊಂದು ತಡೆ ಮನೆಯೊಳಗಿನದು. ಫಾರ್ಸಿಯ ‘ಆಬೆರು’ ನಮ್ಮ ಆಬ್ರೂವೇ. ಮಗಳಿಗೆ ಖಿನ್ನತೆ ಎಂದು ಹೊರಗೆ ತಿಳಿದರೆ ಸಂಬಂಧ ಕೂಡಿಬರುವುದೇ ಎಂಬ ಭಯ ಅಲ್ಲಿಯೂ ಇದೆ. ಆದ್ದರಿಂದಲೇ ಫಾರ್ಸಿ ಬಲ್ಲ ವೈದ್ಯರನ್ನು ಒದಗಿಸಿದರೆ ಎಲ್ಲವೂ ಸರಿಹೋಯಿತೆಂದು ಭಾವಿಸುವಂತಿಲ್ಲ. ಸುದ್ದಿ ಬಂಧುಗಳ ಕಿವಿಗೆ ಬಿದ್ದೀತೆಂದು ಹೆದರಿ ಅನ್ಯ ವೈದ್ಯರನ್ನೇ ಬಯಸುವವರೂ ಇದ್ದಾರೆ. ಇರಾನಿನವರೆಂದ ಮಾತ್ರಕ್ಕೆ ಧಾರ್ಮಿಕ ಮುಸ್ಲಿಮರೆಂದು ಊಹಿಸುವುದೂ ಸಲ್ಲದು. ಅವರಲ್ಲಿ ಯಹೂದಿಗಳು, ಅರ್ಮೇನಿಯನ್ನರು, ಬಹಾಯಿಗಳು ಇದ್ದಾರೆ, ಧರ್ಮದಿಂದ ದೂರ ಸರಿದವರೂ ಇದ್ದಾರೆ. ಸಂಸ್ಕೃತಿಯನ್ನು ಗೌರವಿಸುವುದೆಂದರೆ ಹಣೆಪಟ್ಟಿ ಅಂಟಿಸುವುದಲ್ಲ.

ಎಲ್ಲಕ್ಕಿಂತ ಕಳವಳಕಾರಿಯಾದುದು, ಮಕ್ಕಳನ್ನು ದುಭಾಷಿಗಳನ್ನಾಗಿ ಕೂರಿಸುವ ಪರಿಪಾಠ. ಬದುಕುವುದೇ ಬೇಡವೆನಿಸುತ್ತದೆ ಎಂದು ಹನ್ನೆರಡರ ಮಗನ ಮೂಲಕ ಯಾವ ತಾಯಿ ತಾನೇ ಹೇಳಿಯಾಳು? ಹೇಳಿದರೂ ಆ ಮಗು ಅದನ್ನು ಹೇಗೆ ಅನುವಾದಿಸೀತು? ತರಬೇತಿ ಪಡೆದ ಹೊರಗಿನ ದುಭಾಷಿಯನ್ನು ನೇಮಿಸುವುದು ಆಸ್ಪತ್ರೆಯ ಕೆಲಸ. ಅವರು ಒಳಬಂದಾಗ ಮಗನನ್ನು ಕರೆದುಕೊಂಡು ಹೊರಗೆ ಕುಳಿತುಕೊಳ್ಳುವುದು ತಂದೆಯ ಕೆಲಸ.